ಮಾಡಿದವನಿಗೆ ಲೆಕ್ಕ ಒಪ್ಪಿಸಬೇಕಾ? ನಮ್ಮ ಹುಳುಮನೆಯಲ್ಲಿ ಶುರುವಾದ ಜಗಳ

ಗೂಡುಗಾರ, ಶಿಡ್ಲಘಟ್ಟ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತಿದ್ದರೆ ಓದಿ.

ಹೋದ ಭಾನುವಾರ ನಮ್ಮ ಭಾವಮೈದ ಬೆಂಗಳೂರಿಂದ ಬಂದಿದ್ದ. ಸಾಫ್ಟ್‌ವೇರ್ ಕೆಲಸ. ಈಚೆಗೆ ಯಾವುದೋ ವಿಡಿಯೋ ನೋಡಿ ನೋಡಿ ಇಂಟೆಲಿಜೆಂಟ್ ಡಿಸೈನ್ ಅಂತ ಹಿಡಿದುಕೊಂಡಿದ್ದಾನೆ. ಅಂದರೆ ಜೀವಿಗಳು ಇಷ್ಟು ಜಟಿಲವಾಗಿವೆ, ತಾವಾಗೇ ಆಗೋಕೆ ಸಾಧ್ಯವಿಲ್ಲ, ಬುದ್ಧಿ ಇರೋ ಯಾರೋ ರೂಪಿಸಿರಲೇಬೇಕು ಅನ್ನೋ ವಾದ. ಊಟ ಆದ ಮೇಲೆ ನಾವು ರೇಷ್ಮೆಹುಳು ಸಾಕೋ ಹುಳುಮನೆಗೆ ಕರೆದುಕೊಂಡು ಹೋದೆ. ನಾಲ್ಕನೇ ಜ್ವರ, ಅಂದರೆ ಹುಳು ಪೊರೆ ಬಿಡೋದು, ಎದ್ದು ಮೂರು ದಿನ ಆಗಿತ್ತು. ಆ ಸಮಯದಲ್ಲಿ ಒಳಗೆ ಸುಮ್ನೆ ನಿಂತುಕೊಂಡರೆ ಶೀಟಿನ ಮೇಲೆ ಸಣ್ಣ ಮಳೆ ಬಿದ್ದ ಹಾಗೆ ಸದ್ದು, ಎಲ್ಲಾ ಹುಳು ಸೊಪ್ಪು ತಿನ್ನೋ ಸದ್ದು. ಅವನು ಒಂದು ಹುಳು ಅಂಗೈ ಮೇಲೆ ಬಿಟ್ಟುಕೊಂಡು ಐದು ನಿಮಿಷ ನೋಡಿದ. ಆಮೇಲೆ ಹೇಳಿದ: "ಭಾವ, ಇದನ್ನ ಮಾಡಿದವನು ಒಬ್ಬ ಇದ್ದಾನೆ. ಇದ್ದ ಮೇಲೆ ನಾವೆಲ್ಲಾ ಅವನಿಗೆ ಲೆಕ್ಕ ಒಪ್ಪಿಸಲೇಬೇಕು. ಅವನಿಲ್ಲ ಅಂದ್ರೆ ಒಳ್ಳೇದು ಕೆಟ್ಟದ್ದು ಅಂತ ಯಾವನು ಹೇಳ್ತಾನೆ, ಯಾಕೆ ಕೇಳಬೇಕು?"

ಅಲ್ಲಿಂದ ನನಗೆ ತಲೆಗೆ ಹತ್ತಿದೆ. ಅವನ ಕೈಯಲ್ಲಿದ್ದ ಹುಳುವನ್ನು ರೂಪಿಸಿದವರು ಯಾರು ಅಂತ ನಮಗೆ ಗೊತ್ತು. ನಾವೇ. ಮನುಷ್ಯರು. ಇದರ ಕಾಡು ನೆಂಟ ಇವತ್ತಿಗೂ ಚೀನಾ ಕಡೆ ಹಿಪ್ಪುನೇರಳೆ ಮರದ ಮೇಲಿದೆ, ಚೆನ್ನಾಗಿ ಹಾರುತ್ತೆ. ಸುಮಾರು 5,000 ವರ್ಷ ಜನ ದಪ್ಪ ಗೂಡು ಕಟ್ಟುವುದನ್ನು, ಓಡಿ ಹೋಗದೆ ಇರುವುದನ್ನು ಆರಿಸಿ ಆರಿಸಿ ಸಾಕಿದ್ದಕ್ಕೆ ಇದು ಹೀಗಾಗಿದೆ. ಚಿಟ್ಟೆಗೆ ರೆಕ್ಕೆ ಇದೆ, ಹಾರೋಕಾಗಲ್ಲ. ಬಾಯಿ ಇದ್ದೂ ಇಲ್ಲದ ಹಾಗೆ, ಏನೂ ತಿನ್ನಲ್ಲ. ಸೊಪ್ಪು ಎರಡು ಅಡಿ ದೂರ ಇಟ್ಟರೆ ಹುಡುಕಿಕೊಂಡು ಹೋಗೋ ಹುಳು ಅಲ್ಲ ಇದು, ಹಾಕಿದರೆ ತಿನ್ನುತ್ತೆ, ಇಲ್ಲದಿದ್ದರೆ ಇದ್ದಲ್ಲೇ ಸಾಯುತ್ತೆ.

ಹಾಗಾದರೆ ಈ ಹುಳು ನನಗೆ ಲೆಕ್ಕ ಒಪ್ಪಿಸಬೇಕಾ? ನೂರಾರು ಮೀಟರ್ ಎಳೆ ಕೊಡುತ್ತೆ, ನಾವು ಬಿಸಿನೀರಿಗೆ ಹಾಕುತ್ತೇವೆ. ನನಗೇನೋ ಲೆಕ್ಕ ಉಲ್ಟಾ ಕಾಣಿಸುತ್ತೆ. ರೂಪಿಸಿದವನ ಮೇಲೇ ಜವಾಬ್ದಾರಿ ಜಾಸ್ತಿ ಅಲ್ವಾ?

ಇನ್ನೊಂದು ವಿಷಯ, ಇದು ನನ್ನ ಹೊಟ್ಟೆ ಉರಿ. ಎರಡು ವರ್ಷದ ಹಿಂದೆ ಪಕ್ಕದ ತೋಟದವರು ಟೊಮೆಟೊಗೆ ಔಷಧಿ ಹೊಡೆದರು, ಗಾಳಿ ನಮ್ಮ ಕಡೆ ಇತ್ತು, ಹೇಳಲಿಲ್ಲ. ನಾನು ಗೊತ್ತಿಲ್ಲದೆ ಆ ಸೊಪ್ಪು ಕೊಯ್ದು ಹಾಕಿದೆ. ಬೆಳಗ್ಗೆ ಹೋಗಿ ನೋಡಿದರೆ ಸದ್ದಿಲ್ಲ. ಹುಳುಗಳು ತಲೆ ಎತ್ತಿ ಅಲ್ಲಾಡಿಸುತ್ತಾ ಹಸಿರು ನೀರು ಕಕ್ಕುತ್ತಿದ್ದವು, ಮೈ ಚಿಕ್ಕದಾಗಿಬಿಟ್ಟಿತ್ತು. 150 ಮೊಟ್ಟೆ (ನಮ್ಮ ಲೆಕ್ಕದಲ್ಲಿ ಒಂದು ಮೊಟ್ಟೆ ಅಂದರೆ ಒಂದು ಚಿಟ್ಟೆ ಇಟ್ಟ ನೂರಾರು ಮೊಟ್ಟೆ) ಬೆಳೆ ಪೂರ್ತಿ ತಿಪ್ಪೆಗೆ. ಆ ಮನುಷ್ಯ ಏನು ಮಾಡಿದ ಗೊತ್ತಾ? ಮನೆದೇವರಿಗೆ ಹೋಗಿ ತಪ್ಪುಕಾಣಿಕೆ ಹಾಕಿ ಬಂದ. ದೇವರ ಹತ್ತಿರ ಅವನ ಖಾತೆ ಚುಕ್ತಾ ಆಯ್ತು. ನನ್ನ ಮನೆಗೆ ಬರಲೇ ಇಲ್ಲ.

ಹೇಳಿ, ಮೇಲಿನವನಿಗೆ ಲೆಕ್ಕ ಒಪ್ಪಿಸಿದರೆ ಸಾಕಾ?

ಬಸ್‌ಸ್ಟ್ಯಾಂಡ್ ಬೋಂಡಾ, ಬೇತಮಂಗಲ

ದೇವರ ವಿಷಯ ಆಮೇಲೆ ಮಾತಾಡೋಣ ಅಣ್ಣ, ಗೂಡಿನ ರೇಟ್ ಈಗ ಎಷ್ಟಿದೆ?

ಚಾಕ್‌ಪೀಸ್ ಮೇಷ್ಟ್ರು, ಚಿಂತಾಮಣಿ

ಬೋಂಡಾ, ಸುಮ್ಮನಿರಪ್ಪ.

ಗೂಡುಗಾರರೇ, ನೀವು ಕೇಳಿರೋದರಲ್ಲಿ ಎರಡು ಪ್ರಶ್ನೆ ಒಂದಕ್ಕೊಂದು ಅಂಟಿಕೊಂಡಿವೆ. ರೂಪಿಸಿದವನು ಇದ್ದಾನಾ ಅನ್ನೋದು ಒಂದು. ಇದ್ದರೆ ನಾವು ಅವನಿಗೆ ಬದ್ಧರಾ ಅನ್ನೋದು ಇನ್ನೊಂದು. ನಿಮ್ಮ ಭಾವಮೈದ ಮೊದಲನೆಯದರಿಂದ ಎರಡನೆಯದಕ್ಕೆ ಒಂದೇ ಹಾರು ಹಾರಿದ್ದಾರೆ. ತುಂಬಾ ಜನ ಹೀಗೇ ಮಾಡೋದು.

ಮೊದಲನೆಯದು ಹಳೆಯದು. 1802ರಲ್ಲಿ ವಿಲಿಯಂ ಪೇಲಿ ಅನ್ನೋ ಇಂಗ್ಲಿಷ್ ಪಾದ್ರಿ ಬಯಲಲ್ಲಿ ಗಡಿಯಾರ ಸಿಕ್ಕರೆ ಮಾಡಿದವನು ಇದ್ದಾನೆ ಅಂತೀವಲ್ಲ, ಕಣ್ಣಿಗೂ ಹಾಗೇ ಅಂದ. ಅದಕ್ಕೆ ಮುಂಚೆಯೇ ಡೇವಿಡ್ ಹ್ಯೂಮ್ ಇದನ್ನು ಕೆದಕಿದ್ದ, ಆ ಪುಸ್ತಕ ಅವನು ಸತ್ತ ಮೇಲೆ 1779ರಲ್ಲಿ ಬಂತು. ಹ್ಯೂಮ್ ಕೇಳಿದ್ದು ನಿಮ್ಮ ಹುಳುಮನೆ ಪ್ರಶ್ನೆಗೆ ಹತ್ತಿರ ಇದೆ: ಜಗತ್ತನ್ನು ನೋಡಿ ಮಾಡಿದವನನ್ನು ಊಹಿಸೋದಾದರೆ, ಅವನು ಒಬ್ಬನೇ ಅಂತ ಹೇಗೆ ಗೊತ್ತು? ಒಳ್ಳೆಯವನು ಅಂತ ಹೇಗೆ ಗೊತ್ತು? ಕಲಿಯೋ ಹುಡುಗ ಕೆಡಿಸಿ ಬಿಸಾಕಿದ ಕೆಲಸವೂ ಆಗಿರಬಹುದಲ್ಲ?

1859ರಲ್ಲಿ ಡಾರ್ವಿನ್ ಬಂದ. ರೂಪಿಸಿದ ಹಾಗೆ ಕಾಣೋದಕ್ಕೆ ರೂಪಿಸುವವನೇ ಬೇಕಿಲ್ಲ, ಸಣ್ಣ ಸಣ್ಣ ವ್ಯತ್ಯಾಸ, ಉಳಿದದ್ದು ಉಳೀತು, ಕಾಲ ಹಿಡೀತು, ಅಷ್ಟೇ. ತಮಾಷೆ ಏನು ಅಂದರೆ ಅವನು ತನ್ನ ಪುಸ್ತಕ ಶುರು ಮಾಡೋದೇ ರೈತರು ಸಾಕುಪ್ರಾಣಿಗಳಲ್ಲಿ ಬೇಕಾದ್ದನ್ನು ಆರಿಸಿ ಬೆಳೆಸೋ ವಿಷಯದಿಂದ. ನೀವು ಹುಳುವಿನಲ್ಲಿ ಮಾಡಿರೋದೇ ಅದು.

ಇನ್ನು ನಿಮ್ಮ ಭಾವಮೈದ ನೋಡಿರೋ ವಾದ 1996ರದು, ಮೈಕೇಲ್ ಬೀಹಿ ಅನ್ನೋ ಅಮೆರಿಕದ ಜೀವರಸಾಯನ ವಿಜ್ಞಾನಿಯದು. ಇಲಿ ಬೋನಿನಲ್ಲಿ ಒಂದು ಭಾಗ ತೆಗೆದರೂ ಇಲಿ ಬೀಳಲ್ಲ, ಬ್ಯಾಕ್ಟೀರಿಯಾದ ಬಾಲವೂ ಹಾಗೇ, ಆದ್ದರಿಂದ ಅದು ಮೆಟ್ಟಿಲು ಮೆಟ್ಟಿಲಾಗಿ ಬಂದಿರೋಕೆ ಸಾಧ್ಯವಿಲ್ಲ ಅಂತ. ಉತ್ತರ ಕೊಟ್ಟವರು ಏನಂದರು ಅಂದರೆ, ಭಾಗ ತೆಗೆದರೆ ಇಲಿ ಹಿಡಿಯಲ್ಲ ನಿಜ, ಆದರೆ ಬೇರೆ ಕೆಲಸಕ್ಕೆ ಬರಬಹುದು. ಆ ಬಾಲದ ಬುಡದ ಭಾಗಗಳಂಥದ್ದೇ ಕೆಲವು ಬ್ಯಾಕ್ಟೀರಿಯಾಗಳಲ್ಲಿ ವಿಷ ಚುಚ್ಚೋ ಸಿರಿಂಜ್ ಆಗಿ ಕೆಲಸ ಮಾಡುತ್ತಿದೆ. ಊರಲ್ಲಿ ಹಳೇ ಸೈಕಲ್ ರಿಮ್ಮು ಬಾವಿ ರಾಟೆ ಆಗಿರಲಿಲ್ವಾ, ಹಾಗೆ.

ಅಂದ ಹಾಗೆ ನಿಮ್ಮ ಹುಳುಮನೆಗೆ ನೈಲಾನ್ ಬಲೆ ಯಾಕೆ ಕಟ್ಟಿದ್ದೀರಿ, ಅದನ್ನು ಭಾವಮೈದನಿಗೆ ತೋರಿಸಿದಿರಾ?

ಗೂಡುಗಾರ, ಶಿಡ್ಲಘಟ್ಟ

ಸರ್, ಊಜಿ ನೊಣ! ಅದನ್ನೇ ಹೇಳೋಕೆ ಮರೆತೆ ನೋಡಿ.

ಗೊತ್ತಿಲ್ಲದವರಿಗೆ: ಇದು ಹುಳುವಿನ ಮೈ ಮೇಲೆ ಒಂದು ಬಿಳಿ ಮೊಟ್ಟೆ ಅಂಟಿಸಿ ಹೋಗುತ್ತೆ. ಎಳ್ಳಿಗಿಂತ ಚಿಕ್ಕದು. ಎರಡು ದಿನಕ್ಕೆ ಮರಿ ಒಳಗೆ ತೂರುತ್ತೆ, ತೂರಿದ ಜಾಗದಲ್ಲಿ ಕಪ್ಪು ಚುಕ್ಕೆ. ಒಳಗಿಂದ ತಿನ್ನುತ್ತಾ ಹೋಗುತ್ತೆ, ರೇಷ್ಮೆಹುಳು ಬದುಕಿರುವಾಗಲೇ. ಕೆಲವು ಹುಳು ಒಳಗೆ ಮರಿ ಇಟ್ಟುಕೊಂಡೇ ಗೂಡು ಕಟ್ಟುತ್ತವೆ, ಆಮೇಲೆ ಅದು ಗೂಡು ತೂತು ಮಾಡಿಕೊಂಡು ಈಚೆ ಬರುತ್ತೆ. ತೂತಾದ ಗೂಡಿನಿಂದ ಎಳೆ ಬರಲ್ಲ. ನಮ್ಮಪ್ಪ ಹೇಳುತ್ತಿದ್ದರು, ಅವರ ಕಾಲದಲ್ಲಿ ಇದು ಇರಲೇ ಇಲ್ಲ, 1980ರಲ್ಲಿ ಬಂಗಾಳದ ಕಡೆಯಿಂದ ಬಂದಿದ್ದು ಅಂತ.

ಅದನ್ನೂ ಯಾರೋ ರೂಪಿಸಿದ್ದಾರೆ ಅಂದರೆ, ನನಗೆ ಅವರನ್ನು ಒಂದು ಮಾತು ಕೇಳೋದಿದೆ.

ಚಾಕ್‌ಪೀಸ್ ಮೇಷ್ಟ್ರು, ಚಿಂತಾಮಣಿ

ಡಾರ್ವಿನ್‌ಗೂ ಕೇಳೋದಿತ್ತು. 1860ರಲ್ಲಿ ಏಸಾ ಗ್ರೇ ಅನ್ನೋ ಸಸ್ಯವಿಜ್ಞಾನಿಗೆ ಪತ್ರ ಬರೆದ. ಕಂಬಳಿಹುಳುವನ್ನು ಒಳಗಿಂದ ಜೀವಂತ ತಿನ್ನೋ ಕಣಜವನ್ನು ಕರುಣೆ ಇರೋ ದೇವರು ಬೇಕಂತಲೇ ಮಾಡಿರುತ್ತಾನೆ ಅಂತ ನನಗೆ ನಂಬೋಕಾಗುತ್ತಿಲ್ಲ ಅನ್ನೋ ಅರ್ಥದಲ್ಲಿ. ಗ್ರೇ ದೈವಭಕ್ತ, ವಿಕಾಸವಾದವನ್ನು ಒಪ್ಪಿದವನು ಕೂಡ. ಇಬ್ಬರೂ ಕೊನೇವರೆಗೂ ಸ್ನೇಹಿತರು.

ಆಂಡರ್ಸನ್‌ಪೇಟೆ ಹುಡುಗಿ, ಕೆಜಿಎಫ್

ನಾನು ಕ್ರಿಶ್ಚಿಯನ್, ನಂಬುವವಳು. ಮೊದಲೇ ಹೇಳಿಬಿಡುತ್ತೇನೆ, ಶಾಲೆಯಲ್ಲಿ ವಿಜ್ಞಾನದ ಪಾಠದಲ್ಲಿ ಇಂಟೆಲಿಜೆಂಟ್ ಡಿಸೈನ್ ಹೇಳಿಕೊಡೋದಕ್ಕೆ ನನ್ನ ವಿರೋಧ ಇದೆ. ಅಮೆರಿಕದ ಡೋವರ್ ಅನ್ನೋ ಊರಲ್ಲಿ ಇದೇ ಗಲಾಟೆ ಕೋರ್ಟಿಗೆ ಹೋಗಿ 2005ರ ಡಿಸೆಂಬರಿನಲ್ಲಿ ತೀರ್ಪು ಬಂತು, ಇದು ವಿಜ್ಞಾನ ಅಲ್ಲ ಅಂತ. ಅಲ್ಲಿ ಡಿಸೈನ್ ಪರ ಸಾಕ್ಷಿ ಹೇಳಿದ ಬೀಹಿ ಕ್ಯಾಥೊಲಿಕ್. ವಿರುದ್ಧ ಸಾಕ್ಷಿ ಹೇಳಿದ ಕೆನೆತ್ ಮಿಲ್ಲರ್ ಕೂಡ ಕ್ಯಾಥೊಲಿಕ್. ಹಾಗಾಗಿ ಇದು ದೇವರು ವಿರುದ್ಧ ವಿಜ್ಞಾನ ಅಂತ ದಯವಿಟ್ಟು ಯಾರೂ ಮಾಡಬೇಡಿ.

ಆದರೆ ಗೂಡುಗಾರರೇ, ನಿಮ್ಮ ಹುಳುವಿನ ಹೋಲಿಕೆ ನನಗೆ ಸರಿ ಅನಿಸಲಿಲ್ಲ. ಮಾಡಿದವನು ಅನ್ನೋ ಕಾರಣಕ್ಕೆ ನಾವು ಲೆಕ್ಕ ಒಪ್ಪಿಸಲ್ಲ. ಕುಂಬಾರನಿಗೆ ಮಡಕೆ ಯಾವ ಲೆಕ್ಕ ಒಪ್ಪಿಸುತ್ತೆ? ನಾವು ಒಪ್ಪಿಸೋದು ಅವನು ನಮ್ಮನ್ನು ಪ್ರೀತಿಸುತ್ತಾನೆ ಅಂತ. ಅಮ್ಮನ ಮುಂದೆ ತಲೆ ತಗ್ಗಿಸೋದು ಅವಳು ಹೆತ್ತಳು ಅನ್ನೋದಕ್ಕಾ, ಸಾಕಿದಳು ಅನ್ನೋದಕ್ಕಾ?

ನಮ್ಮ ತಾತ ಚಾಂಪಿಯನ್ ರೀಫ್ ಗಣಿಯಲ್ಲಿ ಮರದ ಆಸರೆ ಕೊಡೋ ಕೆಲಸದಲ್ಲಿದ್ದರು. ಮೂರು ಕಿಲೋಮೀಟರ್‌ಗೂ ಜಾಸ್ತಿ ಆಳ ಇತ್ತು ಆ ಗಣಿ. ಬಂಡೆ ಯಾವಾಗ ಸಿಡಿಯುತ್ತೆ ಅಂತ ಹೇಳೋಕಾಗಲ್ಲ. ಶಿಫ್ಟ್ ಮುಗಿಯೋ ಹೊತ್ತಿಗೆ ಒಂದು ಮರ ಕಡಿಮೆ ನಿಲ್ಲಿಸಿ ಮೇಲೆ ಬಂದರೆ ಕೇಳೋರು ಯಾರೂ ಇಲ್ಲ, ಕತ್ತಲೆ. ತಾತ ಯಾವತ್ತೂ ಬಿಡಲಿಲ್ಲವಂತೆ. ಮೇಲೆ ಗೇಟಿನಲ್ಲಿ ಜೇಬು ತಡಕುತ್ತಾರೆ, ಕೆಳಗೆ ತಡಕುವವನು ಬೇರೆ ಅಂತ ಹೇಳುತ್ತಿದ್ದರು. 2001ರಲ್ಲಿ ಗಣಿ ಮುಚ್ಚಿತು, ತಾತನೂ ಈಗಿಲ್ಲ. ಯಾರೂ ನೋಡದ ಜಾಗದಲ್ಲಿ ಮನುಷ್ಯ ಸರಿಯಾಗಿ ಇರೋಕೆ ಏನೋ ಒಂದು ಬೇಕಲ್ಲ. ನಿಮ್ಮ ಪಕ್ಕದ ತೋಟದವರ ನಂಬಿಕೆ ಅರ್ಧಂಬರ್ಧ, ಅಷ್ಟೇ. ಅಣ್ಣನ ಜೊತೆ ಜಗಳ ಇದ್ದರೆ ಮೊದಲು ಹೋಗಿ ರಾಜಿ ಮಾಡಿಕೊಂಡು ಬಾ, ಆಮೇಲೆ ಕಾಣಿಕೆ ಇಡು ಅಂತ ನಮ್ಮ ಯೇಸುವೇ ಹೇಳಿದ್ದಾರೆ.

ಗೂಡುಗಾರ, ಶಿಡ್ಲಘಟ್ಟ

ತಂಗ್ಯಮ್ಮ, ನಿಮ್ಮ ತಾತನ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನಾದೆ. ಆದರೂ ಒಂದು ಕೇಳುತ್ತೇನೆ. ಆ ಮರ ನಿಲ್ಲಿಸಿದ್ದು ದೇವರು ನೋಡುತ್ತಾನೆ ಅಂತಲೋ, ಮುಂದಿನ ಶಿಫ್ಟಿನವರ ತಲೆ ಮೇಲೆ ಬಂಡೆ ಬೀಳುತ್ತೆ ಅಂತಲೋ?

ಆಂಡರ್ಸನ್‌ಪೇಟೆ ಹುಡುಗಿ, ಕೆಜಿಎಫ್

ತಾತ ಇದ್ದಿದ್ದರೆ ಈ ಪ್ರಶ್ನೆಯೇ ಅರ್ಥ ಆಗುತ್ತಿರಲಿಲ್ಲ ಅವರಿಗೆ. ಎರಡೂ ಬೇರೆ ಬೇರೆ ಅಂತ ಅವರಿಗೆ ಯಾವತ್ತೂ ಅನಿಸಿರಲಿಕ್ಕಿಲ್ಲ.

ಮಂದರಗಿರಿ ಮೆಟ್ಟಿಲು, ತುಮಕೂರು

ಎಲ್ಲರೂ ಮಾಡಿದವನು ಇದ್ದರೆ ಲೆಕ್ಕ, ಇಲ್ಲದಿದ್ದರೆ ಲೆಕ್ಕ ಇಲ್ಲ ಅಂತ ಮಾತಾಡುತ್ತಿದ್ದೀರಿ. ನಮ್ಮ ಮನೆ ಜೈನರದು. ನಮ್ಮಲ್ಲಿ ಜಗತ್ತನ್ನು ಸೃಷ್ಟಿ ಮಾಡಿದವನೇ ಇಲ್ಲ, ಆದರೆ ಲೆಕ್ಕ ಮಾತ್ರ ಎಲ್ಲರಿಗಿಂತ ಬಿಗಿ. 9ನೇ ಶತಮಾನದಲ್ಲೇ ಜಿನಸೇನಾಚಾರ್ಯರು ಕೇಳಿದ್ದಾರೆ: ಸೃಷ್ಟಿಗೆ ಮುಂಚೆ ಅವನು ಎಲ್ಲಿದ್ದ? ಏನೂ ಕೊರತೆ ಇಲ್ಲದವನಿಗೆ ಸೃಷ್ಟಿ ಮಾಡೋ ಆಸೆ ಯಾಕೆ ಬಂತು? ಈ ಪ್ರಶ್ನೆ ಕೇಳಿ ಅವರು ಹಿಂಸೆ ಮಾಡಬಹುದು ಅಂದರಾ? ಇಲ್ಲವಲ್ಲ. ಮಾಡಿದ್ದು ಮಾಡಿದವನಿಗೆ ಅಂಟುತ್ತೆ, ಕೈಗೆ ಎಣ್ಣೆ ಸವರಿಕೊಂಡರೆ ಧೂಳು ಅಂಟೋ ಹಾಗೆ. ಅದಕ್ಕೆ ನ್ಯಾಯಾಧೀಶ ಬೇಡ. ಹರಕೆ ಕಟ್ಟಿ ವಜಾ ಮಾಡಿಸಿಕೊಳ್ಳೋಕೂ ಆಗಲ್ಲ.

ಬೇಜಾರು ಮಾಡಿಕೊಳ್ಳಬೇಡಿ ಗೂಡುಗಾರರೇ, ನಮ್ಮಜ್ಜಿ ಕೊನೇವರೆಗೂ ರೇಷ್ಮೆ ಸೀರೆ ಉಡಲಿಲ್ಲ. ಮದುವೆಗೂ ಹತ್ತಿ ಸೀರೆ. ಹುಳು ಕುದಿಸಿದ ಬಟ್ಟೆ ಅಂತ.

ಗೂಡುಗಾರ, ಶಿಡ್ಲಘಟ್ಟ

ಬೇಜಾರಿಲ್ಲ ಸರ್. ನಿಜ ಇದ್ದಿದ್ದು ಹೇಳಿದಿರಿ. ಮೂರು ತಲೆಮಾರಿಂದ ಅದೇ ಅನ್ನ ನಮ್ಮದು.

ಉತ್ತರ ಪಿನಾಕಿನಿ, ಗೌರಿಬಿದನೂರು

ಅಂಟುತ್ತೆ ಅನ್ನೋ ಲೆಕ್ಕದ ಬಗ್ಗೆ ನನಗೆ ಒಂದು ತಕರಾರಿದೆ. ನಿಮ್ಮಜ್ಜಿ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ.

ನಮ್ಮ ತಾತನನ್ನು ಊರಾಚೆ ಇಟ್ಟಿದ್ದರು. ಬಾವಿ ಮುಟ್ಟಬಾರದು, ಹೋಟೆಲಲ್ಲಿ ಬೇರೆ ಲೋಟ. ಯಾಕೆ ಅಂತ ಕೇಳಿದರೆ ಹೋದ ಜನ್ಮದಲ್ಲಿ ಮಾಡಿದ್ದು ಅಂತ ಉತ್ತರ. ಲೆಕ್ಕ ಬರೆದವರು ಯಾರು, ಪುಸ್ತಕ ಎಲ್ಲಿದೆ, ತೋರಿಸಿ ಅಂದರೆ ಇಲ್ಲ. ದೇವರಿಗೆ ಬದ್ಧ ಅಂತಲೋ ಕರ್ಮಕ್ಕೆ ಬದ್ಧ ಅಂತಲೋ ಮಾತಾಡೋರು, ಆ ಲೆಕ್ಕದ ಪುಸ್ತಕ ಇಷ್ಟು ವರ್ಷ ಯಾರ ಕೈಯಲ್ಲಿತ್ತು ಅಂತ ಒಂದು ಸಲ ಯೋಚನೆ ಮಾಡಿ. ಕೋರ್ಟಿನಲ್ಲಿ ಲೆಕ್ಕ ತಪ್ಪಾದರೆ ಮೇಲ್ಮನವಿ ಇದೆ. ಇದಕ್ಕೆಲ್ಲಿದೆ?

ಎಚ್. ನರಸಿಂಹಯ್ಯನವರು ನಮ್ಮ ತಾಲ್ಲೂಕಿನ ಹೊಸೂರಿನವರು. ಭೌತಶಾಸ್ತ್ರದ ಮೇಷ್ಟ್ರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆಗಿದ್ದಾಗ ಪವಾಡಗಳನ್ನು ಪರೀಕ್ಷೆ ಮಾಡೋಕೆ ಸಮಿತಿ ಮಾಡಿದವರು. ಮದುವೆ ಮಾಡಿಕೊಳ್ಳದೆ ಹಾಸ್ಟೆಲ್ ರೂಮಿನಲ್ಲಿ ಖಾದಿ ಉಟ್ಟು ಬದುಕಿದರು. ಅವರಷ್ಟು ಶಿಸ್ತಿನ ಮನುಷ್ಯನನ್ನು ನಮ್ಮ ಕಡೆಯವರು ನೋಡಿಲ್ಲ. ದೇವರ ಭಯ ಇಲ್ಲದಿದ್ದರೆ ಜನ ಹಾಳಾಗುತ್ತಾರೆ ಅನ್ನೋರು ಇದಕ್ಕೇನು ಹೇಳುತ್ತೀರಿ?

ಅಡಿಕೆ ಸಿಪ್ಪೆ, ಗುಬ್ಬಿ

ಮೇಡಂ, ಒಬ್ಬರು ಎಚ್ಚೆನ್ ಇದ್ದರು ಅಂದ ಮಾತ್ರಕ್ಕೆ ಎಲ್ಲರೂ ಹಾಗಿರಲ್ಲ. ನನ್ನಂಥವನಿಗೆ ಮೇಲಿನವನ ಭಯ ಇಲ್ಲ ಅಂದಿದ್ದರೆ ಇಷ್ಟೊತ್ತಿಗೆ ಎರಡು ಕೊಲೆ ಆಗಿರೋದು, ಒಂದು ನಮ್ಮ ಲೈನ್‌ಮನ್‌ದು 😀

ಕೋಡ್ ಬರೆಯೋನು, ಬೆಂಗಳೂರು

ನಾನೇ ಆ ಭಾವಮೈದ. ಅಕ್ಕ ಲಿಂಕ್ ಕಳಿಸಿದಳು.

ಮೇಷ್ಟ್ರು ಹೇಳಿದ್ದರಲ್ಲಿ ಇಲಿ ಬೋನಿನ ವಿಷಯ ಒಪ್ಪುತ್ತೇನೆ, ಆ ಸಿರಿಂಜ್ ಕಥೆ ನನಗೆ ಗೊತ್ತಿರಲಿಲ್ಲ. ಆದರೆ ಭಾವ, ನೀವು ಒಂದು ಕಡೆ ಜಾರಿದ್ದೀರಿ. ಹುಳುವನ್ನು ನೀವು ಮಾಡಿಲ್ಲ, ತಿದ್ದಿದ್ದೀರಿ ಅಷ್ಟೇ. ಯಾರೋ ಬರೆದ ಕೋಡ್ ನಾನು ತಿದ್ದಿದರೆ ಅದು ನಂದಾಗಲ್ಲ. ಎಳೆ ತೆಗೆಯೋ ಗ್ರಂಥಿ ನಿಮ್ಮ ಮುತ್ತಾತ ಇಟ್ಟಿದ್ದಲ್ಲ. ಡಿಎನ್ಎ ಒಳಗೆ ಅಷ್ಟೊಂದು ಮಾಹಿತಿ ಮೊದಲು ಹೇಗೆ ಬಂತು ಅಂತ ನಾನು ಕೇಳುತ್ತಿರೋದು.

ಇನ್ನೊಂದು. ಹುಳು ಯಾವತ್ತಾದರೂ ನಾನು ಮಾಡಿದ್ದು ಸರೀನಾ ಅಂತ ಕೇಳಿದೆಯಾ? ನೀವು ರಾತ್ರಿ ಹನ್ನೊಂದಕ್ಕೆ ಕೂತು ಇಷ್ಟುದ್ದ ಬರೆದಿದ್ದೀರಿ. ಹುಳು ಬರೆಯಲ್ಲ. ಕೇಳೋ ಶಕ್ತಿ ಇರೋನಿಗೆ ಮಾತ್ರ ಲೆಕ್ಕ ಇರೋದು. ಆ ಶಕ್ತಿ ಎಲ್ಲಿಂದ ಬಂತು ಅನ್ನೋದೇ ನನ್ನ ಪ್ರಶ್ನೆ, ನಿಮ್ಮ ನೊಣದಿಂದ ಅದು ಹೋಗಲ್ಲ.

ಚಾಕ್‌ಪೀಸ್ ಮೇಷ್ಟ್ರು, ಚಿಂತಾಮಣಿ

ಬಾ ಬಾ, ಒಳ್ಳೇ ಪ್ರಶ್ನೆಯನ್ನೇ ತಂದಿದ್ದೀಯಪ್ಪ. ಮೊದಲ ಜೀವಕೋಶ ಹೇಗಾಯ್ತು ಅನ್ನೋದು ವಿಜ್ಞಾನದಲ್ಲೂ ಇನ್ನೂ ಮುಗಿಯದ ಕೆಲಸ. ಆದರೆ ಮುಗಿದಿಲ್ಲ ಅನ್ನೋದೇ ಇನ್ನೊಬ್ಬರ ಉತ್ತರಕ್ಕೆ ಸಾಕ್ಷಿ ಆಗಲ್ಲ.

ನೀನು ನೋಡಿದ ವಿಡಿಯೋಗಳ ಹಿಂದೆ ಏನಿದೆ ಅಂತಲೂ ಗೊತ್ತಿರಲಿ. ಸಿಯಾಟಲ್‌ನ ಡಿಸ್ಕವರಿ ಇನ್‌ಸ್ಟಿಟ್ಯೂಟ್ ಈ ವಾದದ ಮುಖ್ಯ ಮನೆ. 1999ರಲ್ಲಿ ಅವರ ಒಂದು ಒಳಗಿನ ದಾಖಲೆ ಹೊರಗೆ ಬಂತು, ಬೆಣೆ ದಾಖಲೆ ಅಂತ ಕರೆಯುತ್ತಾರೆ. ಇರೋದೆಲ್ಲಾ ಬರೀ ಜಡವಸ್ತು ಅನ್ನೋ ಭೌತವಾದ ಬಂದಮೇಲೆ ನೀತಿ ಸಡಿಲ ಆಯ್ತು, ಮನುಷ್ಯ ತನ್ನ ತಪ್ಪಿಗೆ ತಾನು ಹೊಣೆ ಅನ್ನೋದು ಹೋಯ್ತು ಅನ್ನೋ ಚಿಂತೆ ಅದರಲ್ಲೇ ಇದೆ. ಅಂದರೆ ಬ್ಯಾಕ್ಟೀರಿಯಾ ಬಾಲ ನೋಡಿ ನೀತಿಗೆ ಬಂದವರಲ್ಲ ಅವರು. ನೀತಿಯ ಭಯದಿಂದ ಬಾಲಕ್ಕೆ ಬಂದವರು. ಭಯ ಸುಳ್ಳು ಅನ್ನಲ್ಲ. ಡೋವರ್ ಕೇಸಿನಲ್ಲಿ ಇನ್ನೂ ಒಂದು ಸಿಕ್ಕಿಬಿತ್ತು: ಡಿಸೈನ್ ವಾದದ ಪಠ್ಯಪುಸ್ತಕವೊಂದರ ಹಳೇ ಕರಡಿನಲ್ಲಿ ಸೃಷ್ಟಿವಾದಿಗಳು ಅಂತ ಇದ್ದ ಕಡೆಯೆಲ್ಲಾ, ಸರ್ಕಾರಿ ಶಾಲೆಗಳಲ್ಲಿ ಸೃಷ್ಟಿವಾದ ಕಲಿಸೋದಕ್ಕೆ ತಡೆ ಹಾಕಿದ 1987ರ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪಿನ ನಂತರ, ಡಿಸೈನ್ ಪ್ರತಿಪಾದಕರು ಅಂತ ತಿದ್ದಿದ್ದರು. ಅವಸರದಲ್ಲಿ ಒಂದು ಕಡೆ ಎರಡೂ ಪದ ಕಲಸಿಕೊಂಡು ಹಾಗೇ ಉಳಿದಿತ್ತು. ನಮ್ಮ ಹುಡುಗರು ಪಕ್ಕದವನ ಉತ್ತರ ಪತ್ರಿಕೆ ನಕಲು ಮಾಡುವಾಗ ರೋಲ್ ನಂಬರನ್ನೂ ಬರೆದುಕೊಳ್ಳುತ್ತಾರಲ್ಲ, ಹಾಗೆ.

ನಮ್ಮಲ್ಲೂ ಈ ವಾದ ಇತ್ತು. ಮಡಕೆಗೆ ಕುಂಬಾರ ಇದ್ದ ಹಾಗೆ ಜಗತ್ತಿಗೆ ಕರ್ತೃ ಅಂತ ನೈಯಾಯಿಕರು, ಅಂದರೆ ತರ್ಕವನ್ನೇ ಹಿಡಿದ ನ್ಯಾಯ ದರ್ಶನದವರು, ಅದರಲ್ಲೂ ಉದಯನಾಚಾರ್ಯರು. ಬೇಡ, ಕರ್ಮ ತಾನೇ ಫಲ ಕೊಡುತ್ತೆ ಅಂತ ಮೀಮಾಂಸಕರು, ಅದೂ ವೇದವನ್ನು ನಂಬೋರೇ. ದೇವರಿಗೆ ಪಕ್ಷಪಾತ ಯಾಕೆ ಅನ್ನೋ ಪ್ರಶ್ನೆಗೆ ಶಂಕರಾಚಾರ್ಯರು ಮಳೆ ಉದಾಹರಣೆ ಕೊಟ್ಟರು. ಮಳೆ ಎಲ್ಲಾ ಬೀಜಕ್ಕೂ ಒಂದೇ, ಭತ್ತ ಭತ್ತ ಆಗುತ್ತೆ, ಜವೆ ಜವೆ ಆಗುತ್ತೆ, ಅದು ಬೀಜದ ಗುಣ ಅಂತ. ಗೌರಿಬಿದನೂರಿನ ಮೇಡಂ ಪ್ರಶ್ನೆಗೆ ಮಾತ್ರ ಈ ಮಳೆ ಉತ್ತರ ಅಲ್ಲ ಅಂತ ನನಗೆ ಗೊತ್ತು.

ಉತ್ತರ ಪಿನಾಕಿನಿ, ಗೌರಿಬಿದನೂರು

ಅಲ್ಲ ಸರ್. ಬೀಜದ ಗುಣ ಅಂತ ಹೇಳಿಯೇ ನಮ್ಮನ್ನು ಆಚೆ ಇಟ್ಟಿದ್ದು.

ಬಸ್‌ಸ್ಟ್ಯಾಂಡ್ ಬೋಂಡಾ, ಬೇತಮಂಗಲ

ನಾನೂ ಒಂದು ಹೇಳಲಾ? ನಗಬೇಡಿ. ದೇವರು ಮಾಡಿದ್ದಾನೋ ಇಲ್ಲವೋ, ನನ್ನ ಅಂಗಡಿಯಲ್ಲಿ ನಿನ್ನೆಯ ಎಣ್ಣೆ ಇವತ್ತು ಹಾಕಿದರೆ ಸಂಜೆಗೆ ಮೂರನೇ ಕ್ಲಾಸ್ ಮಕ್ಕಳು ಬಂದು ಕೆಮ್ಮುತ್ತಾರೆ. ನನಗೆ ಲೆಕ್ಕ ಕೇಳೋರು ಅವರು.

ಗೂಡುಗಾರ, ಶಿಡ್ಲಘಟ್ಟ

ಬೋಂಡಾ, ಗೂಡಿನ ರೇಟ್ ಸಿಗ್ನಲ್ ಬಂದಾಗ ಹೇಳುತ್ತೇನೆ, ನೀನು ಗೆದ್ದೆ.

ಭಾವಮೈದನಿಗೆ: ತಿದ್ದಿದವನು, ಮಾಡಿದವನಲ್ಲ ಅಂದೆಯಲ್ಲ, ಅದು ಸರಿ. ಒಪ್ಪಿದೆ. ಕೇಳೋ ಶಕ್ತಿ ಇರೋನಿಗೇ ಲೆಕ್ಕ ಅನ್ನೋದೂ ಸರಿ. ಆದರೆ ಯಾರಿಗೆ ಅನ್ನೋದರಲ್ಲಿ ನಾನು ಬದಲಾಗಿಲ್ಲ. ಸತ್ತಿದ್ದು ನನ್ನ ಹುಳು, ಸಾಲ ಆಗಿದ್ದು ನನಗೆ, ಹುಂಡಿಗೆ ಹಾಕಿದ್ದು ದೇವರಿಗೆ. ದೇವರು ಇದ್ದರೂ ಅವನು ಆ ದುಡ್ಡು ತೆಗೆದುಕೊಳ್ಳಬಾರದಿತ್ತು ಅಂತ ನನಗೆ ಅನಿಸುತ್ತೆ.

ಕೆಜಿಎಫ್ ತಂಗ್ಯಮ್ಮ ಹೇಳಿದ್ದು ತಲೆಯಲ್ಲೇ ಇತ್ತು, ಮೊದಲು ರಾಜಿ ಆಮೇಲೆ ಕಾಣಿಕೆ ಅನ್ನೋದು. ಎರಡು ವರ್ಷದಿಂದ ಆ ಮನುಷ್ಯನ ಮುಖ ನೋಡಿರಲಿಲ್ಲ. ನಿನ್ನೆ ಸಂಜೆ ನಾನೇ ಬದುವಿನ ಹತ್ತಿರ ಹೋಗಿ ನಿಂತೆ. ದೇವರಿಗೆ ಹಾಕಿದ್ದು ಸರಿ, ನನಗೆ ಯಾಕೆ ಹೇಳಲಿಲ್ಲ ಅಂತ ಕೇಳಿದೆ. ತುಂಬಾ ಹೊತ್ತು ಮಾತಾಡಲಿಲ್ಲ. ಡ್ರಿಪ್ ಪೈಪು ಎತ್ತಿ ಇಟ್ಟ, ಮತ್ತೆ ಎತ್ತಿದ. ಆಮೇಲೆ ಅಂದ: "ನಿನ್ನ ಮುಂದೆ ಬಂದು ನಿಲ್ಲೋಕೆ ಮುಖ ಇರಲಿಲ್ಲ. ದೇವರು ಬೈಯಲ್ಲ, ನೀನು ಬೈತೀಯ." ನನಗೆ ನಗು ಬಂತು, ಸಿಟ್ಟೂ ಬಂತು.

ಈಗ ಹತ್ತು ನಿಮಿಷದ ಹಿಂದೆ ಫೋನ್ ಮಾಡಿದ್ದ. ನಾಳೆ ಬೆಳಗ್ಗೆ ಟೊಮೆಟೊಗೆ ಔಷಧಿ ಹೊಡೆಯುತ್ತಾನಂತೆ, ಆ ಬದಿಯ ನಾಲ್ಕು ಸಾಲು ಸೊಪ್ಪು ಇವತ್ತೇ ಕೊಯ್ದುಕೋ ಅಂದ, ಅವನ ಮಗನನ್ನೂ ಕಳಿಸುತ್ತೇನೆ ಅಂದ. ಹುಳು ಹಣ್ಣಾಗಿ ಗೂಡು ಕಟ್ಟೋಕೆ ಇನ್ನು ಎರಡು ದಿನ ಇದೆ, ಸೊಪ್ಪು ಜಾಸ್ತಿ ಬೇಕು. ಹೆಡ್‌ಲೈಟ್ ಚಾರ್ಜ್ ಆಗಿದೆಯಾ ನೋಡಬೇಕು. ಕೊಯ್ದು ಬಂದು ಉಳಿದವರಿಗೆ ಉತ್ತರ ಬರೆಯುತ್ತೇನೆ.